ಎದೆಯೊಳಗಿನ ಮೊರ

ನನ್ನ ಮೊಮ್ಮಗಳ ಎದೆಯ ನಡುವೆ ಒಂದು ಗೆರೆ ಇದೆ. ಕತ್ತಿನ ಕುಳಿಯಿಂದ ಸ್ವಲ್ಪ ಕೆಳಗೆ ಶುರುವಾಗಿ ನೇರ ಇಳಿಯುವ, ಈಗ ಬೆಳ್ಳಗೆ ಮಾಸಿರುವ ಗೆರೆ. ಎಂಟು ತಿಂಗಳ ಕೂಸಾಗಿದ್ದಾಗ ಹೃದಯದಲ್ಲಿದ್ದ ರಂಧ್ರ ಮುಚ್ಚಲು ಮಾಡಿದ ಶಸ್ತ್ರಚಿಕಿತ್ಸೆಯ ಗುರುತು ಅದು. ಈಗ ಅವಳಿಗೆ ಹನ್ನೊಂದು ವರ್ಷ, ಆರನೇ ಕ್ಲಾಸು. ಓಡುತ್ತಾಳೆ, ಸೈಕಲ್ ಹೊಡೆಯುತ್ತಾಳೆ, ಪೇರಲೆ ಮರ ಹತ್ತಿ ಅಮ್ಮನಿಂದ ಬೈಸಿಕೊಳ್ಳುತ್ತಾಳೆ. ಆ ಗೆರೆಯ ನೆನಪು ನಮಗಿರುವಷ್ಟು ಅವಳಿಗಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಯಾವುದೋ ದಾಖಲೆ ಹುಡುಕುತ್ತಾ ಬೀರು ತೆಗೆದವಳ ಕೈಗೆ ಅವಳದೇ ಹಳೆಯ ಆಸ್ಪತ್ರೆ ಫೈಲು ಸಿಕ್ಕಿತು. ಒಂದೊಂದೇ ಹಾಳೆ ಓದಿಕೊಂಡು ಅಡುಗೆಮನೆಗೆ ಬಂದು ನನ್ನೆದುರು ನಿಂತಳು.

‘ಅಜ್ಜಿ, ನನ್ನ ಥೈಮಸ್ ಅರ್ಧ ತೆಗೆದುಬಿಟ್ಟಿದ್ದಾರಂತೆ, ಹೌದಾ?’

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹತ್ತು ವರ್ಷದ ಹಿಂದೆ ಅವಳ ಅಮ್ಮ, ಅಂದರೆ ನನ್ನ ಮಗಳು, ಕೇಳಿದ್ದ ಪ್ರಶ್ನೆಯೇ ಬೇರೆ ರೂಪದಲ್ಲಿ ತಿರುಗಿ ಬಂದಿತ್ತು. ಅಂದು ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ವೈದ್ಯರು ಒಂದು ಚೀಟಿಯ ಮೇಲೆ ಚಿತ್ರ ಬರೆದು, ‘ಹೃದಯದ ಎದುರಿಗೇ ಥೈಮಸ್ ಅಂತ ಒಂದು ಗ್ರಂಥಿ ಇರುತ್ತೆ. ಮಕ್ಕಳಲ್ಲಿ ಅದು ದೊಡ್ಡದು. ಹೃದಯಕ್ಕೆ ದಾರಿ ಆಗಬೇಕಾದರೆ ಅದರ ಒಂದು ಭಾಗ ತೆಗೀಬೇಕಾಗುತ್ತೆ’ ಎಂದಿದ್ದರು. ಅವರು ಅತ್ತ ಹೋದ ಮೇಲೆ ಮಗಳು ನನ್ನ ಕಡೆ ತಿರುಗಿ, ‘ಅಮ್ಮ, ನೀನು ಬಯಾಲಜಿ ಟೀಚರ್ ಅಲ್ವಾ? ಅದು ಬೇಕಾದ್ದಾ, ಬೇಡದ್ದಾ?’ ಎಂದು ಕೇಳಿದ್ದಳು.

ನಾನು ಕೂಡಲೇ ಹೇಳಿದ್ದೆ: ‘ಏನೂ ಯೋಚನೆ ಮಾಡಬೇಡ. ದೊಡ್ಡವರಾದ ಮೇಲೆ ಅದು ಹೇಗೂ ಕರಗಿಹೋಗುತ್ತೆ.’

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಗ್ರಂಥಿಗಳ ಪಾಠದಲ್ಲಿ ಪಿಟ್ಯುಟರಿಗೆ ಒಂದು ಪೀರಿಯಡ್, ಥೈರಾಯ್ಡ್‌ಗೆ ಒಂದು ಪೀರಿಯಡ್. ಥೈಮಸ್‌ಗೆ ಮಾತ್ರ ಒಂದೇ ಒಂದು ವಾಕ್ಯ. ‘ಇದು ಮಕ್ಕಳಲ್ಲಿ ದೊಡ್ಡದಾಗಿದ್ದು, ವಯಸ್ಕರಲ್ಲಿ ಕುಗ್ಗುತ್ತದೆ.’ ಮಕ್ಕಳು ಬರೆದುಕೊಳ್ಳುತ್ತಿದ್ದರು, ನಾನು ಮುಂದಕ್ಕೆ ಹೋಗುತ್ತಿದ್ದೆ. ಅಂದು ಆಸ್ಪತ್ರೆಯಲ್ಲಿ ಮಗಳಿಗೆ ಕೊಟ್ಟದ್ದೂ ಅದೇ ಒಂದು ವಾಕ್ಯ. ಅದು ಸಮಾಧಾನವಾಗಿತ್ತೇ ಹೊರತು ಉತ್ತರವಾಗಿರಲಿಲ್ಲ. ಆಮೇಲೆ ವರ್ಷಗಟ್ಟಲೆ ಓದಿ, ತಿಳಿದವರನ್ನು ಕೇಳಿ, ನನಗೆ ಅರ್ಥವಾದದ್ದನ್ನು ಆ ರಜೆಯ ಮಧ್ಯಾಹ್ನಗಳಲ್ಲಿ ಮೊಮ್ಮಗಳಿಗೆ ಹೇಳಿದೆ. ಅದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ.

ಯಾರಿಗೂ ಬೇಡವಾಗಿದ್ದ ಗ್ರಂಥಿ

ಎದೆಯ ನಡುವಿನ ಮೂಳೆಯ ಮೇಲೆ ಕೈಯಿಟ್ಟುಕೊಳ್ಳಿ. ಆ ಮೂಳೆಯ ಹಿಂದೆ, ಹೃದಯದ ಮೇಲ್ಭಾಗಕ್ಕೆ ಒರಗಿಕೊಂಡು, ಎರಡು ಎಸಳಿನ ಮೆದುವಾದ ಒಂದು ಅಂಗ ಇದೆ. ಅದೇ ಥೈಮಸ್. ಹುಟ್ಟಿದ ಮಗುವಿನಲ್ಲಿ ಅದರ ತೂಕ ಸುಮಾರು ಹತ್ತು ಹದಿನೈದು ಗ್ರಾಂ. ಹರೆಯ ಬರುವ ಹೊತ್ತಿಗೆ ಮೂವತ್ತು ನಲವತ್ತು ಗ್ರಾಂ ಆಗಬಹುದು. ಅಲ್ಲಿಂದಾಚೆಗೆ ಅದರೊಳಗೆ ಕೊಬ್ಬು ತುಂಬುತ್ತಾ, ಕೆಲಸ ಮಾಡುವ ಭಾಗ ಕಡಿಮೆಯಾಗುತ್ತಾ ಹೋಗುತ್ತದೆ.

ಅದರ ಕೆಲಸ ಏನೆಂದು ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ. ತಿಳಿಯದಿದ್ದರೆ ಅಷ್ಟು ತೊಂದರೆ ಇರಲಿಲ್ಲ; ತಿಳಿದಿದೆ ಎಂದುಕೊಂಡದ್ದು ಅನಾಹುತಕ್ಕೆ ಕಾರಣವಾಯಿತು. ಹಿಂದಿನ ಕಾಲದ ಪಾಶ್ಚಾತ್ಯ ವೈದ್ಯರು ಕೊಯ್ದು ನೋಡುತ್ತಿದ್ದ ಶವಗಳು ಹೆಚ್ಚಾಗಿ ಬಡವರವು, ಹಸಿವಿನಿಂದಲೋ ದೀರ್ಘ ಕಾಯಿಲೆಯಿಂದಲೋ ಸತ್ತವರವು. ಕಾಯಿಲೆ, ಹಸಿವು, ದೇಹದ ಬಳಲಿಕೆ ಇವೆಲ್ಲ ಥೈಮಸ್ಸನ್ನು ಬೇಗ ಕುಗ್ಗಿಸುತ್ತವೆ. ಹಾಗಾಗಿ ಕುಗ್ಗಿದ ಥೈಮಸ್ಸೇ ಸಹಜ ಎಂದು ಅವರು ನಂಬಿದರು. ಆರೋಗ್ಯವಾಗಿದ್ದ ಮಗು ಇದ್ದಕ್ಕಿದ್ದಂತೆ ತೀರಿಕೊಂಡಾಗ ಒಳಗಿನ ಗ್ರಂಥಿ ದೊಡ್ಡದಾಗಿ ಕಂಡಿತು. ‘ಇದೇ ಉಸಿರು ಕಟ್ಟಿಸಿದೆ’ ಎಂದು ತೀರ್ಮಾನ ಮಾಡಿದರು.

ಇಪ್ಪತ್ತನೇ ಶತಮಾನದ ಮೊದಲ ದಶಕದಿಂದ ಹಿಡಿದು 1950ರ ದಶಕದವರೆಗೂ ಅಮೆರಿಕದಲ್ಲಿ ಸಾವಿರಾರು ಎಳೆಗೂಸುಗಳ ಎದೆಗೆ ಎಕ್ಸ್-ರೇ ಹಾಯಿಸಿ ಅವರ ಥೈಮಸ್ ಕುಗ್ಗಿಸಿದರು. ಆ ಮಕ್ಕಳ ಥೈಮಸ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ದೊಡ್ಡವರಾದ ಮೇಲೆ ಅವರಲ್ಲಿ ಎಷ್ಟೋ ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಆ ಕಿರಣಗಳು ಪಕ್ಕದ ಥೈರಾಯ್ಡ್ ಗ್ರಂಥಿಗೂ ತಗುಲಿದ್ದವು. ದೊಡ್ಡ ಥೈಮಸ್ ಮಗುವಿನ ಆರೋಗ್ಯದ ಗುರುತು ಎಂಬುದು ಗೊತ್ತಾಗುವಷ್ಟರಲ್ಲಿ ಒಂದು ತಲೆಮಾರು ಕಳೆದುಹೋಗಿತ್ತು.

ಸೊರಗಿದ ಇಲಿಮರಿಗಳು

ಥೈಮಸ್ ಏನು ಮಾಡುತ್ತದೆ ಎಂದು ತೋರಿಸಿಕೊಟ್ಟವರು ಜಾಕ್ ಮಿಲ್ಲರ್. 1931ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಶಾಂಘೈನಲ್ಲಿ ಬೆಳೆದು, 1941ರಲ್ಲಿ ಯುದ್ಧದ ನಡುವೆ ಕುಟುಂಬದ ಜೊತೆ ಆಸ್ಟ್ರೇಲಿಯಾ ಸೇರಿದವರು. ಅವರ ಅಕ್ಕ ಕ್ಷಯರೋಗದಿಂದ ಎಳೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು. ರೋಗದೊಡನೆ ದೇಹ ಹೇಗೆ ಹೋರಾಡುತ್ತದೆ ಎಂಬ ಪ್ರಶ್ನೆ ಆ ಹುಡುಗನ ಮನಸ್ಸಿನಲ್ಲಿ ಉಳಿದುಕೊಂಡಿತು.

ಮುಂದೆ ಲಂಡನ್ನಿನಲ್ಲಿ ಅವರು ಇಲಿಗಳ ರಕ್ತದ ಕ್ಯಾನ್ಸರಿನ ಬಗ್ಗೆ ಕೆಲಸ ಮಾಡುತ್ತಿದ್ದರು. ಅದಕ್ಕಾಗಿ ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆಯಬೇಕಾಗಿ ಬಂತು. ದೊಡ್ಡ ಇಲಿಗಳಲ್ಲಿ ತೆಗೆದರೆ ಏನೂ ಆಗುತ್ತಿರಲಿಲ್ಲ. ಮರಿಗಳು ಮಾತ್ರ ಹಾಲು ಬಿಟ್ಟ ಮೇಲೆ ಸೊರಗತೊಡಗಿದವು. ಸಣ್ಣಪುಟ್ಟ ಸೋಂಕಿಗೂ ಸತ್ತವು. ರಕ್ತ ನೋಡಿದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ತೀರಾ ಕಡಿಮೆ. ಬೇರೆ ತಳಿಯ ಇಲಿಯ ಚರ್ಮ ತಂದು ಕಸಿ ಮಾಡಿದರೆ, ಬೇರೆ ಇಲಿಯಾದರೆ ಕೆಲವೇ ದಿನಗಳಲ್ಲಿ ಅದನ್ನು ತಿರಸ್ಕರಿಸಬೇಕಿತ್ತು. ಈ ಮರಿಗಳ ಮೈಮೇಲೆ ಪರರ ಚರ್ಮ ಆರಾಮಾಗಿ ಉಳಿದು ಕೂದಲನ್ನೂ ಬೆಳೆಸಿತು. ನನ್ನದು ಯಾವುದು, ಪರರದು ಯಾವುದು ಎಂಬ ಭೇದವೇ ಅವುಗಳ ದೇಹಕ್ಕೆ ತಿಳಿಯುತ್ತಿರಲಿಲ್ಲ.

1961ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಿಲ್ಲರ್ ಇದನ್ನು ಪ್ರಕಟಿಸಿದಾಗ ಅವರಿಗೆ ಮೂವತ್ತು ವರ್ಷ. ದೊಡ್ಡವರು ಸುಲಭಕ್ಕೆ ಒಪ್ಪಲಿಲ್ಲ. ನೊಬೆಲ್ ಪಡೆದಿದ್ದ ಪೀಟರ್ ಮೆಡವಾರ್ ಅಂಥವರೇ 1963ರಲ್ಲಿ, ಥೈಮಸ್ ಒಳಗೆ ಈ ಬಿಳಿ ಕಣಗಳು ಇರುವುದು ವಿಕಾಸದ ಒಂದು ಆಕಸ್ಮಿಕ, ಅದಕ್ಕೆ ಹೆಚ್ಚಿನ ಮಹತ್ವವಿಲ್ಲ ಎಂಬರ್ಥದ ಮಾತಾಡಿದ್ದರು. ಕೆಲವೇ ವರ್ಷಗಳಲ್ಲಿ ಸಂದೇಹಕ್ಕೆ ಜಾಗ ಉಳಿಯಲಿಲ್ಲ. ಥೈಮಸ್‌ನಲ್ಲಿ ಬೆಳೆಯುವ ಕಣಗಳಿಗೆ ಆ ಹೆಸರಿನ ಮೊದಲಕ್ಷರವೇ ಸೇರಿ ‘ಟಿ ಕೋಶ’ ಎಂದಾಯಿತು.

‘ಹಾಗಾದರೆ ನಾನೂ ಆ ಇಲಿಮರಿ ತರಾನಾ?’ ಮೊಮ್ಮಗಳು ನಡುವೆ ಬಾಯಿ ಹಾಕಿದಳು. ಅಲ್ಲ ಪುಟ್ಟಿ, ಅದಕ್ಕೂ ಬರುತ್ತೇನೆ ಎಂದೆ.

ಶಾಲೆಯಲ್ಲ, ಮೊರ

ಎಷ್ಟೋ ಪುಸ್ತಕಗಳಲ್ಲಿ ಥೈಮಸ್ಸನ್ನು ಟಿ ಕೋಶಗಳ ಶಾಲೆ ಎಂದು ಬರೆದಿರುತ್ತಾರೆ. ಟೀಚರಾಗಿದ್ದವಳಿಗೆ ನನಗೆ ಆ ಹೋಲಿಕೆ ಹಿಡಿಸುವುದಿಲ್ಲ. ಈ ಶಾಲೆಗೆ ಸೇರಿದ ನೂರು ಜನರಲ್ಲಿ ಹೊರಬರುವವರು ಎರಡೋ ಮೂರೋ. ಉಳಿದವರೆಲ್ಲ ಅಲ್ಲೇ ಸಾಯುತ್ತಾರೆ. ಅಂಥ ಶಾಲೆಯನ್ನು ನಾವು ಒಂದು ದಿನವೂ ನಡೆಯಗೊಡಬಾರದು! ಅದಕ್ಕಿಂತ ಮುಖ್ಯವಾದ ಮಾತೆಂದರೆ, ಶಾಲೆಯಲ್ಲಿ ಬಾರದವರಿಗೆ ಕಲಿಸುತ್ತಾರೆ. ಥೈಮಸ್ ಯಾವ ಕೋಶಕ್ಕೂ ಅದಕ್ಕೆ ಬಾರದ್ದನ್ನು ಕಲಿಸುವುದಿಲ್ಲ. ಬಂದದ್ದರಲ್ಲಿ ಆರಿಸುತ್ತದೆ.

ನನಗೆ ನೆನಪಾಗುವುದು ನನ್ನ ಅಮ್ಮನ ಮೊರ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಅಮ್ಮ ಅಕ್ಕಿ ಕೇರುತ್ತಿದ್ದಳು. ಒಂದೇ ಲಯದಲ್ಲಿ ಮೊರ ಏಳುತ್ತಿತ್ತು, ಇಳಿಯುತ್ತಿತ್ತು. ಜೊಳ್ಳು, ಹೊಟ್ಟು ಹಗುರಾಗಿ ಮುಂದೆ ಹಾರಿ ಅಂಗಳಕ್ಕೆ ಬೀಳುತ್ತಿತ್ತು. ಅದಾದ ಮೇಲೆ ಮೊರವನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಅಕ್ಕಿ ಸರಿಸುತ್ತಾ ಕಲ್ಲು ಆರಿಸುತ್ತಿದ್ದಳು. ‘ಜೊಳ್ಳು ತಿಂದರೆ ಹೊಟ್ಟೆ ತುಂಬಲ್ಲ, ಕಲ್ಲು ತಿಂದರೆ ಹಲ್ಲು ಉಳಿಯಲ್ಲ’ ಎನ್ನುತ್ತಿದ್ದಳು. ಜೊಳ್ಳು ತೆಗೆಯುವ ಕೆಲಸ ಬೇರೆ, ಕಲ್ಲು ತೆಗೆಯುವ ಕೆಲಸ ಬೇರೆ. ಎರಡೂ ಆದ ಮೇಲೇ ಅನ್ನ. ಥೈಮಸ್ ಮಾಡುವುದೂ ಇವೇ ಎರಡು ಕೆಲಸ, ಇದೇ ಕ್ರಮದಲ್ಲಿ.

ಮೊದಲು ಅಕ್ಕಿ ಎಲ್ಲಿಂದ ಬರುತ್ತದೆ ನೋಡೋಣ. ನಮ್ಮ ಮೂಳೆಗಳೊಳಗಿನ ಮಜ್ಜೆಯಲ್ಲಿ ರಕ್ತಕಣಗಳ ಮೂಲಕೋಶಗಳಿವೆ. ಅಲ್ಲಿಂದ ಹೊರಟ ಕೆಲವು ಎಳೆಯ ಕೋಶಗಳು ರಕ್ತದಲ್ಲಿ ತೇಲಿ ಥೈಮಸ್ ಸೇರುತ್ತವೆ. ಬರುವಾಗ ಅವು ಇನ್ನೂ ಏನೂ ಆಗಿರುವುದಿಲ್ಲ, ಬೇರೆ ಬಗೆಯ ಕಣವಾಗುವ ಸಾಧ್ಯತೆಯೂ ಅವುಗಳಲ್ಲಿರುತ್ತದೆ. ಥೈಮಸ್‌ನ ಕೋಶಗಳು ಅವನ್ನು ಮುಟ್ಟಿ ಒಂದು ಸೂಚನೆ ಕೊಡುತ್ತವೆ. ಆ ಸೂಚನೆಯನ್ನು ಪಡೆಯುವ ಪ್ರೋಟೀನಿನ ಹೆಸರು ‘ನಾಚ್’. ಸೂಚನೆ ಸಿಕ್ಕರೆ ಟಿ ಕೋಶದ ದಾರಿ. ಪ್ರಯೋಗದಲ್ಲಿ ಅದನ್ನು ತಪ್ಪಿಸಿದಾಗ ಥೈಮಸ್ ಒಳಗೇ ಬಿ ಕೋಶಗಳು ಬೆಳೆದವು. ಪ್ರತಿಕಾಯ ತಯಾರಿಸುವ ವಂಶ ಅದು. ಒಂದು ಸೂಚನೆಯ ಮೇಲೆ ಒಂದು ಕೋಶದ ಇಡೀ ಬಾಳು ನಿಂತಿದೆ.

ಆಮೇಲೆ ಪ್ರತಿ ಕೋಶವೂ ತನ್ನದೇ ಒಂದು ಗ್ರಾಹಕ ಕಟ್ಟಿಕೊಳ್ಳಬೇಕು. ಗ್ರಾಹಕ ಎಂದರೆ ಕೋಶದ ಮೈಮೇಲೆ ಚಾಚಿಕೊಂಡಿರುವ ಕೈ ಎಂದಿಟ್ಟುಕೊಳ್ಳಿ. ಯಾವ ಆಕಾರದ ವಸ್ತುವನ್ನು ಆ ಕೈ ಹಿಡಿಯಬಲ್ಲುದೋ ಅದೊಂದನ್ನೇ ಆ ಕೋಶ ಗುರುತಿಸುತ್ತದೆ. ಇದಕ್ಕಾಗಿ ಕೋಶ ತನ್ನ ವಂಶವಾಹಿಯ ತುಣುಕುಗಳನ್ನೇ ಕತ್ತರಿಸಿ, ಮನಬಂದಂತೆ ಬೇರೆ ಬೇರೆ ರೀತಿ ಜೋಡಿಸುತ್ತದೆ. ಅಕ್ಷರದ ಬಿಲ್ಲೆಗಳನ್ನು ಚೀಲದಲ್ಲಿ ಕುಲುಕಿ ಕಣ್ಣುಮುಚ್ಚಿ ತೆಗೆದು ಪದ ಮಾಡಿದ ಹಾಗೆ. ಪ್ರತಿಕಾಯಗಳ ವಿಷಯದಲ್ಲಿ ಈ ಕತ್ತರಿಸಿ ಜೋಡಿಸುವ ವಿದ್ಯೆಯನ್ನು ಕಂಡುಹಿಡಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಟಿ ಕೋಶಗಳದ್ದೂ ಅದೇ ವಿದ್ಯೆ.

ಇಷ್ಟು ಮುಖ್ಯವಾದ ಕೆಲಸವನ್ನು ದೇಹ ಕುಲುಕಾಟಕ್ಕೆ ಬಿಟ್ಟಿದೆಯಲ್ಲ ಎಂದು ನನಗೆ ಮೊದಲು ಆಶ್ಚರ್ಯವಾಗಿತ್ತು. ಆದರೆ ಯೋಚಿಸಿ. ಮುಂದಿನ ವರ್ಷ ಯಾವ ವೈರಸ್ ಬರುತ್ತದೋ ಯಾರಿಗೆ ಗೊತ್ತು? ಲೋಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲದ ರೋಗಾಣುವನ್ನೂ ಹಿಡಿಯುವ ಕೈ ಒಂದು ಈಗಲೇ ತಯಾರಿರಬೇಕಾದರೆ, ಕೋಟಿಗಟ್ಟಲೆ ಬಗೆಯ ಕೈಗಳನ್ನು ಸುಮ್ಮನೆ ಮಾಡಿಡುವುದೊಂದೇ ದಾರಿ. ತೊಂದರೆ ಏನೆಂದರೆ, ಕುರುಡಾಗಿ ಮಾಡಿದ್ದರಲ್ಲಿ ಹೆಚ್ಚಿನವು ಏನನ್ನೂ ಹಿಡಿಯಲಾರದ ಜೊಳ್ಳು. ಕೆಲವು ನಮ್ಮ ಮೈಯನ್ನೇ ಹಿಡಿದು ಹಾಳುಮಾಡುವ ಕಲ್ಲು. ಆದ್ದರಿಂದಲೇ ಮೊರ ಬೇಕಾದದ್ದು.

ಜೊಳ್ಳು ಹಾರುವ ಹೊತ್ತು

ನಮ್ಮ ದೇಹದ ಪ್ರತಿಯೊಂದು ಕೋಶವೂ, ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟು, ತನ್ನೊಳಗೆ ಏನಿದೆ ಎಂಬುದರ ಮಾದರಿಯನ್ನು ಹೊರಗೆ ಒಂದು ತಟ್ಟೆಯಲ್ಲಿ ಇಟ್ಟು ತೋರಿಸುತ್ತಿರುತ್ತದೆ. ಒಳಗೆ ವೈರಸ್ ಹೊಕ್ಕಿದ್ದರೆ ವೈರಸ್‌ನ ಚೂರು ತಟ್ಟೆಗೆ ಬರುತ್ತದೆ. ವಿಜ್ಞಾನಿಗಳು ಈ ತಟ್ಟೆಯನ್ನು ಎಂಎಚ್‌ಸಿ ಎನ್ನುತ್ತಾರೆ. ಟಿ ಕೋಶ ಬಿಡಿ ವೈರಸ್ಸನ್ನು ನೋಡುವುದಿಲ್ಲ, ತಟ್ಟೆಯಲ್ಲಿಟ್ಟ ಚೂರನ್ನು ತಟ್ಟೆಯ ಸಮೇತ ನೋಡುತ್ತದೆ. 1974ರ ಸುಮಾರಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಇದನ್ನು ತೋರಿಸಿಕೊಟ್ಟರು. 1996ರ ನೊಬೆಲ್ ಅವರಿಗೇ ಸಂದಿತು.

ಹಾಗಾಗಿ ಥೈಮಸ್‌ನ ಹೊರಭಾಗದಲ್ಲಿ ನಡೆಯುವ ಮೊದಲ ಆಯ್ಕೆ ಇದು: ಈ ಕೋಶಕ್ಕೆ ನಮ್ಮ ಮನೆಯ ತಟ್ಟೆ ಗುರುತು ಹತ್ತುತ್ತದೆಯೇ? ಅಲ್ಲಿನ ಕೋಶಗಳು ತಟ್ಟೆ ಹಿಡಿದು ನಿಂತಿರುತ್ತವೆ. ಎಳೆಯ ಟಿ ಕೋಶ ಒಂದೊಂದರ ಹತ್ತಿರ ಹೋಗಿ ಮುಟ್ಟಿ ನೋಡುತ್ತದೆ. ಮೆದುವಾಗಿಯಾದರೂ ಹಿಡಿತ ಸಿಕ್ಕರೆ ‘ಬದುಕು’ ಎಂಬ ಸೂಚನೆ. ಎಲ್ಲೂ ಹಿಡಿತ ಸಿಗದಿದ್ದರೆ ಯಾರೂ ಅದನ್ನು ಕೊಲ್ಲುವುದಿಲ್ಲ, ಯಾರೂ ಉಳಿಸುವುದೂ ಇಲ್ಲ. ಮೂರು ನಾಲ್ಕು ದಿನ ಕಾದು ಸುಮ್ಮನೆ ಸಾಯುತ್ತದೆ. ಬಂದವುಗಳಲ್ಲಿ ಬಹುಪಾಲು ಹೋಗುವುದು ಇಲ್ಲೇ. ಸತ್ತವನ್ನು ಪಕ್ಕದ ಭಕ್ಷಕ ಕೋಶಗಳು ನುಂಗಿ ಜಾಗ ಚೊಕ್ಕಟ ಮಾಡುತ್ತವೆ.

ಇದೇ ಹೊತ್ತಿಗೆ ಇನ್ನೊಂದು ತೀರ್ಮಾನವೂ ಆಗುತ್ತದೆ. ಈ ಹಂತದ ಕೋಶಗಳ ಮೈಮೇಲೆ ಸಿಡಿ4, ಸಿಡಿ8 ಎಂಬ ಎರಡು ಗುರುತುಗಳೂ ಇರುತ್ತವೆ. ತಟ್ಟೆಗಳಲ್ಲಿ ಎರಡು ಜಾತಿ. ಮೊದಲ ಜಾತಿಯ ತಟ್ಟೆಗೆ ಕೈ ಒಗ್ಗಿದರೆ ಸಿಡಿ8 ಉಳಿಸಿಕೊಂಡು ಇನ್ನೊಂದನ್ನು ಕಳಚುತ್ತದೆ. ಇದು ಮುಂದೆ ಸೋಂಕು ತಗುಲಿದ ಕೋಶವನ್ನು ನೇರವಾಗಿ ಕೊಲ್ಲುವ ಕೋಶವಾಗುತ್ತದೆ. ಎರಡನೆಯ ಜಾತಿಗೆ ಒಗ್ಗಿದರೆ ಸಿಡಿ4 ಉಳಿಯುತ್ತದೆ. ಇದು ಸಹಾಯಕ ಕೋಶ. ಪ್ರತಿಕಾಯ ಮಾಡುವವರನ್ನೂ, ಕೊಲ್ಲುವವರನ್ನೂ, ನುಂಗುವವರನ್ನೂ ಹುರಿದುಂಬಿಸುವ ಯಜಮಾನಿಕೆ ಇದರದ್ದು. ಎಚ್‌ಐವಿ ಮುಖ್ಯವಾಗಿ ಹಾಳುಮಾಡುವುದು ಈ ಸಿಡಿ4 ಕೋಶಗಳನ್ನು ಎಂದರೆ ಅವುಗಳ ಬೆಲೆ ತಿಳಿಯುತ್ತದೆ.

ಕಲ್ಲು ಆರಿಸುವ ಹೊತ್ತು

ಉಳಿದ ಕೋಶಗಳು ಥೈಮಸ್‌ನ ಒಳಭಾಗಕ್ಕೆ ಇಳಿಯುತ್ತವೆ. ಅಲ್ಲಿ ಪ್ರಶ್ನೆ ತಿರುಗುಮುರುಗು: ಈ ಕೋಶ ನಮ್ಮದೇ ದೇಹದ ಚೂರನ್ನು ಬಿಗಿಯಾಗಿ ಹಿಡಿಯುತ್ತದೆಯೇ? ಹಿಡಿದರೆ ಅದು ಕಲ್ಲು. ಹೊರಗೆ ಬಿಟ್ಟರೆ ನಮ್ಮ ಮೇಲೇ ಬೀಳುತ್ತದೆ.

ಇಲ್ಲಿ ಮೊಮ್ಮಗಳು ನನ್ನನ್ನು ಹಿಡಿದಳು. ‘ಅಜ್ಜಿ, ಥೈಮಸ್ ಇರೋದು ಎದೇಲಿ. ಕಣ್ಣು, ಲಿವರ್, ಹೊಟ್ಟೆ ಎಲ್ಲ ಬೇರೆ ಕಡೆ ಇವೆ. ಅವು ನಮ್ಮವು ಅಂತ ಇಲ್ಲೇ ಕೂತ್ಕೊಂಡು ಹೇಗೆ ಗೊತ್ತಾಗುತ್ತೆ?’ ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳದ ಪ್ರಶ್ನೆ ಅದು. ಕೇಳುವಂತೆ ನಾನು ಪಾಠ ಮಾಡಿರಲಿಲ್ಲ ಎನ್ನುವುದೇ ಸರಿ.

ಅದಕ್ಕೆ ಉತ್ತರ ‘ಏರ್’ ಎಂಬ ವಂಶವಾಹಿ. 1997ರಲ್ಲಿ ಇದನ್ನು ಪತ್ತೆ ಮಾಡಿದರು. ಸಾಮಾನ್ಯವಾಗಿ ಇನ್ಸುಲಿನ್ ತಯಾರಾಗುವುದು ಮೇದೋಜ್ಜೀರಕದಲ್ಲಿ ಮಾತ್ರ. ಕಣ್ಣಿನ ಪ್ರೋಟೀನು ಕಣ್ಣಿನಲ್ಲಿ ಮಾತ್ರ. ಆದರೆ ಥೈಮಸ್‌ನ ಒಳಭಾಗದ ಕೆಲವು ಕೋಶಗಳು ಏರ್ ಸಹಾಯದಿಂದ ದೇಹದ ಬೇರೆ ಬೇರೆ ಅಂಗಗಳ ಸಾವಿರಾರು ಪ್ರೋಟೀನುಗಳನ್ನು ಚೂರುಚೂರು ತಯಾರಿಸಿ ತಟ್ಟೆಯಲ್ಲಿಟ್ಟು ತೋರಿಸುತ್ತವೆ. ಇಡೀ ದೇಹದ ಆಲ್ಬಂ ಅಲ್ಲಿ ತೆರೆದಿರುತ್ತದೆ. ‘ಇವರೆಲ್ಲ ನಮ್ಮವರು’ ಎಂಬಂತೆ. ಅದರಲ್ಲಿ ಯಾರನ್ನಾದರೂ ಬಿಗಿಯಾಗಿ ಹಿಡಿದ ಟಿ ಕೋಶಕ್ಕೆ ಅಲ್ಲೇ ಸಾವು.

ಏರ್ ಕೆಟ್ಟು ಹುಟ್ಟುವ ಮಕ್ಕಳಿದ್ದಾರೆ. ಅಪರೂಪದ ಕಾಯಿಲೆ ಅದು, ಫಿನ್ಲೆಂಡ್‌ನಂಥ ಕೆಲವು ಕಡೆ ತುಸು ಹೆಚ್ಚು. ಅವರ ಟಿ ಕೋಶಗಳು ಕುತ್ತಿಗೆಯ ಪ್ಯಾರಾಥೈರಾಯ್ಡ್, ಮೂತ್ರಪಿಂಡದ ಮೇಲಿನ ಅಡ್ರಿನಲ್ ಮೊದಲಾದ ಸ್ವಂತ ಗ್ರಂಥಿಗಳನ್ನೇ ನಾಶ ಮಾಡುತ್ತವೆ. ಮೊರದಲ್ಲಿ ಕಲ್ಲು ಉಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗೆಂದು ಬಿಗಿಯಾಗಿ ಹಿಡಿದದ್ದೆಲ್ಲ ಸಾಯುವುದಿಲ್ಲ. ಕೆಲವು ಕೋಶಗಳನ್ನು ಥೈಮಸ್ ಬೇರೆ ಕೆಲಸಕ್ಕೆ ಹಚ್ಚುತ್ತದೆ. ನಮ್ಮವರನ್ನು ಚೆನ್ನಾಗಿ ಗುರುತಿಸುವ ಇವು, ಹೊರಗೆ ಹೋಗಿ ಜಗಳ ಮಾಡುವ ಬದಲು ಜಗಳ ಬಿಡಿಸುತ್ತವೆ. ಕಣ್ತಪ್ಪಿ ಹೊರಬಂದ ಕಲ್ಲುಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳು ಇವು. ಇಂಥವು ಇವೆ ಎಂಬುದರ ಸುಳಿವೂ ಇಲಿಮರಿಗಳಿಂದಲೇ ಬಂತು. ಹುಟ್ಟಿದ ಮೂರನೇ ದಿನ ಥೈಮಸ್ ತೆಗೆದರೆ ಇಲಿಮರಿಯ ರೋಗನಿರೋಧಕ ಶಕ್ತಿ ಅದರ ಸ್ವಂತ ಅಂಗಗಳ ಮೇಲೇ ತಿರುಗಿಬೀಳುತ್ತಿತ್ತು. ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಕೊಟ್ಟರೆ ಆ ದಾಳಿ ನಿಲ್ಲುತ್ತಿತ್ತು. ಈ ಎಳೆ ಹಿಡಿದು ಹೋದ ಜಪಾನಿನ ಶಿಮೊನ್ ಸಕಾಗುಚಿ, ಮತ್ತು ಈ ಕೋಶಗಳ ಹಿಂದಿನ ವಂಶವಾಹಿಯನ್ನು ಹುಡುಕಿದ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರ್‍ಯಾಮ್ಸ್‌ಡೆಲ್ ಇವರಿಗೆ 2025ರ ವೈದ್ಯಕೀಯ ನೊಬೆಲ್ ಸಂದಿದೆ.

ಎರಡೂ ಕೆಲಸ ಮುಗಿದಾಗ ಉಳಿಯುವುದು ನೂರಕ್ಕೆ ಎರಡು ಮೂರು ಎಂದೆನಲ್ಲ. ಅಮ್ಮನ ಮೊರದಲ್ಲಿ ಉಳಿಯುತ್ತಿದ್ದದ್ದೇ ಹೆಚ್ಚು, ಹಾರುತ್ತಿದ್ದದ್ದು ಕಡಿಮೆ. ಇಲ್ಲಿ ಲೆಕ್ಕ ಉಲ್ಟಾ. ದೇಹ ಇಷ್ಟೊಂದು ಪೋಲು ಮಾಡುತ್ತದಲ್ಲ ಎನ್ನಿಸಬಹುದು. ಆದರೆ ಕಾಯುವವನ ಕೈಗೆ ಕತ್ತಿ ಕೊಡುವ ಮೊದಲು, ಅವನು ಮನೆಯವರ ಮೇಲೆ ಅದನ್ನು ಎತ್ತುವುದಿಲ್ಲ ಎಂಬುದು ಖಾತ್ರಿಯಾಗಬೇಕಲ್ಲವೇ? ಶತ್ರುವನ್ನು ಹೊಡೆಯುವುದಕ್ಕಿಂತ ಮೊದಲು ಯಾರನ್ನು ಹೊಡೆಯಬಾರದು ಎಂಬುದು ತೀರ್ಮಾನವಾಗಿರಬೇಕು. ದೇಹ ಅತಿ ಹೆಚ್ಚು ಬೆಲೆ ತೆರುವುದು ಈ ತೀರ್ಮಾನಕ್ಕೆ.

ಮಗಳಿಗೆ ಕೊಡಬೇಕಾಗಿದ್ದ ಉತ್ತರ

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಬೇಕಾದ್ದಾ, ಬೇಡದ್ದಾ? ಬೇಕಾದ್ದೇ. ಹುಟ್ಟುವಾಗಲೇ ಥೈಮಸ್ ಇಲ್ಲದ ಕೆಲವೇ ಕೆಲವು ಮಕ್ಕಳು ಸಾಮಾನ್ಯ ಸೋಂಕನ್ನೂ ತಾಳಲಾರರು. ಅಂಥವರಿಗಾಗಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದು ಚಿಕಿತ್ಸೆ ರೂಪುಗೊಂಡಿತು. ಬೇರೆ ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆಯ ವೇಳೆ ತೆಗೆದ ಥೈಮಸ್ಸನ್ನು ತೆಳುವಾಗಿ ಹೆಚ್ಚಿ, ಪ್ರಯೋಗಾಲಯದಲ್ಲಿ ಕಾಪಾಡಿ, ಥೈಮಸ್ ಇಲ್ಲದ ಮಗುವಿನ ತೊಡೆಯ ಸ್ನಾಯುವಿನೊಳಗೆ ನೆಡುತ್ತಾರೆ. ಎದೆಯಲ್ಲಿ ಇರಬೇಕಾದ ಮೊರ ತೊಡೆಯಲ್ಲಿ ಕೂತು ಕೇರತೊಡಗುತ್ತದೆ. 2021ರಲ್ಲಿ ಇದಕ್ಕೆ ಅಲ್ಲಿನ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಒಂದು ಮಗುವಿನ ಹೃದಯಕ್ಕೆ ದಾರಿ ಬಿಟ್ಟ ಗ್ರಂಥಿ ಇನ್ನೊಂದು ಮಗುವಿನ ಜೀವ ಉಳಿಸುತ್ತಿದೆ.

ಹಾಗಾದರೆ ನನ್ನ ಮೊಮ್ಮಗಳದ್ದನ್ನು ತೆಗೆದದ್ದು ತಪ್ಪೇ? ಅಲ್ಲ. ಹೃದಯದ ರಂಧ್ರ ಹಾಗೇ ಬಿಟ್ಟಿದ್ದರೆ ಅವಳು ಪೇರಲೆ ಮರ ಹತ್ತುತ್ತಿರಲಿಲ್ಲ. ಮನುಷ್ಯರ ಮರಿ ಇಲಿಮರಿಯ ಹಾಗಲ್ಲ. ತಾಯಿಯ ಹೊಟ್ಟೆಯಲ್ಲಿ ನಾಲ್ಕು ತಿಂಗಳು ತುಂಬುವಷ್ಟರಲ್ಲೇ ನಮ್ಮ ಥೈಮಸ್ ಟಿ ಕೋಶಗಳನ್ನು ಹೊರಗೆ ಕಳಿಸತೊಡಗುತ್ತದೆ. ಎಂಟು ತಿಂಗಳ ಕೂಸಿನ ರಕ್ತದಲ್ಲಿ, ಗುಲ್ಮದಲ್ಲಿ, ಹಾಲ್ರಸ ಗ್ರಂಥಿಗಳಲ್ಲಿ ಆರಿಸಿದ ಕೋಶಗಳು ಆಗಲೇ ನೆಲೆಸಿರುತ್ತವೆ. ಉಳಿಸಿದ ಚೂರು ಎಷ್ಟೋ ವೇಳೆ ಮತ್ತೆ ಬೆಳೆಯುವುದೂ ಉಂಟು. ಅಂಥ ಮಕ್ಕಳ ರಕ್ತದಲ್ಲಿ ಟಿ ಕೋಶಗಳ ಎಣಿಕೆ ತುಸು ಕಡಿಮೆ ಇದ್ದರೂ ಹೆಚ್ಚಿನವರು ಎಲ್ಲರಂತೆ ಬೆಳೆಯುತ್ತಾರೆ. ಯಾವ ಲಸಿಕೆಯನ್ನೂ ತಪ್ಪಿಸಬೇಡಿ ಎಂದು ನಮ್ಮ ಮಕ್ಕಳ ವೈದ್ಯರು ಹೇಳಿದ್ದರು, ತಪ್ಪಿಸಿಲ್ಲ.

ಆದರೆ ‘ಹೇಗೂ ಕರಗಿಹೋಗುತ್ತೆ’ ಎಂದು ನಾನಾಡಿದ ಮಾತಿದೆಯಲ್ಲ, ಅದನ್ನು ವಾಪಸ್ ತೆಗೆದುಕೊಳ್ಳಬೇಕಾಗಿದೆ. ದೊಡ್ಡವರಲ್ಲೂ ಥೈಮಸ್ ಪೂರ್ತಿ ಸುಮ್ಮನಾಗುವುದಿಲ್ಲ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಥೈಮಸ್ ತೆಗೆಸಿಕೊಂಡ ವಯಸ್ಕರನ್ನೂ, ಎದೆಯ ಶಸ್ತ್ರಚಿಕಿತ್ಸೆ ಆಗಿಯೂ ಥೈಮಸ್ ಉಳಿಸಿಕೊಂಡಿದ್ದವರನ್ನೂ ಹೋಲಿಸಿದ್ದರು. ಐದು ವರ್ಷದಲ್ಲಿ ಥೈಮಸ್ ಇಲ್ಲದವರಲ್ಲಿ ಸತ್ತವರು ನೂರಕ್ಕೆ 8.1, ಇದ್ದವರಲ್ಲಿ 2.8. ಕ್ಯಾನ್ಸರ್ ಬಂದವರ ಪ್ರಮಾಣವೂ ಸುಮಾರು ಇಮ್ಮಡಿ. ಇಂಥ ಒಂದು ಹೋಲಿಕೆಯಿಂದಲೇ ಥೈಮಸ್ ಇಲ್ಲದ್ದೇ ಕಾರಣ ಎಂದು ಹೇಳಿಬಿಡಲಾಗದು. ಆದರೂ ಬೇಡದ್ದು ಎಂದು ಕೈಬೀಸಿ ತೆಗೆದುಹಾಕುವ ಕಾಲ ಮುಗಿಯಿತು ಎಂಬುದಂತೂ ನಿಜ.

ಇದನ್ನೆಲ್ಲ ಮಗಳಿಗೂ ಹೇಳಿದೆ. ಹತ್ತು ವರ್ಷ ತಡವಾಗಿ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತು ಇಷ್ಟೆಲ್ಲ ಹೇಳಿದ್ರೆ ನಂಗೆ ನಿದ್ದೆ ಬರ್ತಿರಲಿಲ್ಲ ಅಮ್ಮ. ಆದ್ರೂ ಹೇಳಬೇಕಿತ್ತು’ ಎಂದಳು. ಎರಡೂ ನಿಜ.

ಮೊಮ್ಮಗಳು ಮಾತ್ರ ಇನ್ನೊಂದು ಪ್ರಶ್ನೆ ಇಟ್ಟುಕೊಂಡಿದ್ದಳು. ‘ಅಜ್ಜಿ, ನಿಂದು ಇನ್ನೂ ಇದೆಯಾ?’

‘ನಂದು ಹೆಚ್ಚುಕಮ್ಮಿ ಕೊಬ್ಬಾಗಿ ಹೋಗಿದೆ ಪುಟ್ಟಿ. ಆದರೆ ನಾನು ನಿನ್ನಷ್ಟಿದ್ದಾಗ ಅದು ಆರಿಸಿ ಕಳಿಸಿದ ಕೋಶಗಳು, ಅವುಗಳ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ನನ್ನನ್ನು ಕಾಯ್ತಾ ಇವೆ.’

ಅವಳು ಒಂದು ಕ್ಷಣ ಯೋಚಿಸಿದಳು. ಆಮೇಲೆ, ‘ಹಾಗಾದ್ರೆ ನೀನು ಇನ್ನೂ ನಿಮ್ಮಮ್ಮ ಕೇರಿಟ್ಟ ಅಕ್ಕೀನೇ ಉಣ್ತಾ ಇದ್ದೀಯ’ ಎಂದು ಹೇಳಿ, ಫೈಲನ್ನು ಬೀರುವಿನಲ್ಲಿಡಲು ಓಡಿದಳು.